ಫ್ಲಾಪಿಯ ಪಡಿಯಚ್ಚು

1989ರಲ್ಲಿ ಬಂದ 'ಪ್ರಿನ್ಸ್ ಆಫ್ ಪರ್ಷಿಯಾ' ಆಟವನ್ನು ಜೋರ್ಡನ್ ಮೆಕ್ನರ್ ಬರೆದದ್ದು ಆಪಲ್ 2 ಕಂಪ್ಯೂಟರಿಗಾಗಿ. ಅದರ ಮೂಲ ಪ್ರೋಗ್ರಾಮ್, ಅಂದರೆ 6502 ಚಿಪ್‌ನ ಅಸೆಂಬ್ಲಿ ಭಾಷೆಯಲ್ಲಿ ಅವರು ಸಾಲು ಸಾಲಾಗಿ ಬರೆದಿದ್ದ ಪಠ್ಯ, ಕಳೆದುಹೋಯಿತೆಂದೇ ಎಷ್ಟೋ ವರ್ಷ ಎಲ್ಲರೂ ತಿಳಿದಿದ್ದರು. 2012ರಲ್ಲಿ ಅವರ ತಂದೆಗೆ ಮನೆಯ ಕಪಾಟಿನಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಮೂರೂವರೆ ಇಂಚಿನ ಫ್ಲಾಪಿಗಳು, ಮೇಲೆ ಕೈಬರಹದ ಲೇಬಲ್. ಅದೇ ವರ್ಷ ಏಪ್ರಿಲ್ 16ರಂದು ಲಾಸ್ ಏಂಜಲೀಸ್‌ನಲ್ಲಿ ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಮತ್ತು ಹಳೆಯ ಆಪಲ್ ಯಂತ್ರಗಳ ಸಂಗ್ರಾಹಕ ಟೋನಿ ಡಯಾಜ್ ತಮ್ಮ ಸರಂಜಾಮಿನೊಂದಿಗೆ ಮೆಕ್ನರ್ ಜೊತೆ ಕೂತರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹಳೆಯ ಆ ಫ್ಲಾಪಿಗಳು ಓದಿಸಿಕೊಂಡವು. ಮರುದಿನವೇ ಪ್ರೋಗ್ರಾಮ್ ಪೂರ್ತಿಯಾಗಿ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಸಿಗುವಂತಾಯಿತು.

ಇದಕ್ಕೆ ತಜ್ಞರು ಯಾಕೆ ಬೇಕಾಯಿತು? ಮೂರೂವರೆ ಇಂಚಿನ ಫ್ಲಾಪಿ ಓದುವ ಯುಎಸ್‌ಬಿ ಡ್ರೈವ್ ಆಗಲೂ ಅಂಗಡಿಯಲ್ಲಿ ಸಿಗುತ್ತಿತ್ತು, ಈಗಲೂ ಸಿಗುತ್ತದೆ. ಫ್ಲಾಪಿ ಅದರ ಬಾಯಿಗೆ ಸರಿಯಾಗಿ ಕೂರುತ್ತದೆ, ಮೋಟಾರ್ ತಿರುಗುತ್ತದೆ. ಆಮೇಲೆ ವಿಂಡೋಸ್ ಒಂದು ಸಂದೇಶ ತೋರಿಸುತ್ತದೆ: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಬೇಕೇ? ಯಾರೋ ಅವಸರದಲ್ಲಿ 'ಹೌದು' ಒತ್ತಿದರೆ ಅಲ್ಲಿಗೆ ಮುಗಿಯಿತು, ಇದ್ದದ್ದೆಲ್ಲ ಅಳಿಸುತ್ತದೆ. ಡಿಸ್ಕ್ ಖಾಲಿ ಇರಲಿಲ್ಲ, ಕೆಟ್ಟೂ ಇರಲಿಲ್ಲ. ಅದರಲ್ಲಿದ್ದ ಬರವಣಿಗೆ ಆ ಡ್ರೈವ್‌ಗೆ ಗೊತ್ತಿಲ್ಲದ ಬಗೆಯದು, ಅಷ್ಟೇ. ಹೊರಗಿನ ಪ್ಲಾಸ್ಟಿಕ್ ಕವಚ ಒಂದೇ ಅಳತೆಯದಾದರೂ ಒಳಗಿನ ಬರವಣಿಗೆ ಕಂಪನಿಗೊಂದು ತರಹ ಇತ್ತು. ಅದನ್ನು ತಿಳಿಯಲು ಫ್ಲಾಪಿಯ ಮೇಲೆ ನಿಜವಾಗಿ ಏನಿರುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ತೆಳುವಾದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಬ್ಬಿಣದ ಆಕ್ಸೈಡಿನ ಲೇಪ. ಓದುವ-ಬರೆಯುವ ಹೆಡ್ ಆ ಲೇಪವನ್ನು ಒಂದು ದಿಕ್ಕಿಗೋ ಅದರ ವಿರುದ್ಧ ದಿಕ್ಕಿಗೋ ಕಾಂತೀಯಗೊಳಿಸುತ್ತದೆ. ಒಂದು ದಿಕ್ಕು ಎಂದರೆ 0, ಇನ್ನೊಂದು ಎಂದರೆ 1 ಎಂದು ನಾವು ಅಂದುಕೊಳ್ಳುವುದು ಸಹಜ, ಆದರೆ ಹಾಗಿಲ್ಲ. ಹೆಡ್‌ಗೆ ದಿಕ್ಕು ತಿಳಿಯುವುದೇ ಇಲ್ಲ. ದಿಕ್ಕು ಬದಲಾಗುವ ಗಡಿ ಕೆಳಗೆ ಹಾದುಹೋದಾಗ ಮಾತ್ರ ಅದರ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಚಿಕ್ಕ ಮಿಡಿತ ಹುಟ್ಟುತ್ತದೆ. ಈ ಬದಲಾವಣೆಗೆ ಫ್ಲಕ್ಸ್ ಬದಲಾವಣೆ ಎಂದು ಹೆಸರು. ಒಂದು ಮಿಡಿತಕ್ಕೂ ಮುಂದಿನ ಮಿಡಿತಕ್ಕೂ ನಡುವೆ ಎಷ್ಟು ಮೈಕ್ರೋಸೆಕೆಂಡ್ ಕಳೆಯಿತು ಎಂಬುದರಲ್ಲೇ ಎಲ್ಲ ಮಾಹಿತಿ ಅಡಗಿದೆ. ಪತ್ರ, ಚಿತ್ರ, ಆಟ, ಯಾವುದೇ ಆದರೂ ಫ್ಲಾಪಿಯ ಮೇಲೆ ಅದು ಕಾಲದ ಅಂತರಗಳ ಒಂದು ಉದ್ದನೆಯ ಸರಣಿ.

ಸ್ಟೀವ್ ವೋಜ್ನಿಯಾಕ್ ಆಪಲ್ 2ಗಾಗಿ ರೂಪಿಸಿದ, 1978ರಲ್ಲಿ ಮಾರುಕಟ್ಟೆಗೆ ಬಂದ ಡಿಸ್ಕ್ 2 ಡ್ರೈವ್ ಇದಕ್ಕೆ ಒಳ್ಳೆಯ ಉದಾಹರಣೆ. ಐದೂಕಾಲು ಇಂಚಿನ ಡಿಸ್ಕ್, ನಿಮಿಷಕ್ಕೆ 300 ಸುತ್ತು, ಅಂದರೆ ಒಂದು ಸುತ್ತಿಗೆ 200 ಮಿಲಿಸೆಕೆಂಡ್. ಒಂದು ಬಿಟ್‌ಗೆ 4 ಮೈಕ್ರೋಸೆಕೆಂಡ್ ಜಾಗ, ಹಾಗಾಗಿ ಒಂದು ಸುತ್ತಿನಲ್ಲಿ ಸುಮಾರು 50,000 ಬಿಟ್. ಫ್ಲಕ್ಸ್ ಬದಲಾದರೆ 1, ಬದಲಾಗದಿದ್ದರೆ 0. ತೊಂದರೆ ಏನೆಂದರೆ ಸಾಲಾಗಿ ಹಲವು 0 ಬಂದರೆ ಎಷ್ಟು ಹೊತ್ತು ಏನೂ ಆಗಲಿಲ್ಲ ಎಂದು ಅಳೆಯುವುದು ಕಷ್ಟ. ಮೋಟಾರಿನ ವೇಗ ಅಷ್ಟಿಷ್ಟು ಏರಿಳಿಯುತ್ತಿರುತ್ತದೆ, ಜೊತೆಗೆ ಮಿಡಿತ ಸಿಗದೆ ಕಾದ ಆಂಪ್ಲಿಫೈಯರ್ ಗದ್ದಲವನ್ನೇ ಮಿಡಿತವೆಂದು ಎತ್ತಿಕೊಳ್ಳತೊಡಗುತ್ತದೆ. ಆದ್ದರಿಂದ ಎರಡಕ್ಕಿಂತ ಹೆಚ್ಚು 0 ಒಟ್ಟಿಗೆ ಬಾರದಂಥ ಬೈಟ್‌ಗಳನ್ನಷ್ಟೇ ಡಿಸ್ಕಿನ ಮೇಲೆ ಬರೆಯುವ ನಿಯಮ ಮಾಡಿಕೊಂಡರು. ಇಂಥ ಕೆಲವು ನಿಯಮಗಳಲ್ಲಿ ಜರಡಿ ಹಿಡಿದ ಮೇಲೆ ದತ್ತಾಂಶಕ್ಕೆ ಉಳಿದದ್ದು 64 ಬೈಟ್‌ಗಳು. ಅಂದರೆ ಡಿಸ್ಕಿನ ಒಂದು ಬೈಟ್‌ನಲ್ಲಿ ಹಿಡಿಸುವುದು 8 ಬಿಟ್ ಅಲ್ಲ, 6 ಬಿಟ್. ಕಂಪ್ಯೂಟರಿನ 256 ಬೈಟ್ ಡಿಸ್ಕಿಗೆ ಇಳಿಯುವಾಗ 342 ಬೈಟ್ ಆಗುತ್ತದೆ, ಅದರ ಹಿಂದೆ ತಾಳೆ ನೋಡಲು ಇನ್ನೊಂದು. ಒಂದು ಸುತ್ತನ್ನು ಸೆಕ್ಟರ್ ಎಂಬ ತುಂಡುಗಳಾಗಿ ಹಂಚಿರುತ್ತಾರೆ; ಪ್ರತಿ ಸೆಕ್ಟರಿನ ತಲೆಬರಹ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸಲು ಡಿ5, ಎಎ, 96 ಎಂಬ ಮೂರು ಬೈಟ್‌ಗಳ ಗುರುತು. ಡಿ5 ಮತ್ತು ಎಎ ದತ್ತಾಂಶದ ನಡುವೆ ಎಲ್ಲೂ ಬರುವಂತಿಲ್ಲ, ಅವನ್ನು ಈ ಕೆಲಸಕ್ಕೆಂದೇ ಮೀಸಲಿಟ್ಟಿದ್ದರು. ಇಷ್ಟೆಲ್ಲ ಓದಿ ಬಿಡಿಸುವ ಕೆಲಸದ ಬಹುಪಾಲು ಮಾಡುತ್ತಿದ್ದುದು ವಿಶೇಷ ಚಿಪ್ ಅಲ್ಲ, ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಮಿಡಿಯುವ 6502 ಪ್ರೊಸೆಸರ್. ಕೆಲವೇ ಅಗ್ಗದ ಚಿಪ್‌ಗಳಲ್ಲಿ ಡಿಸ್ಕ್ ಕಂಟ್ರೋಲರ್ ಕಟ್ಟಿದ ಈ ವಿನ್ಯಾಸ ನನ್ನ ಕಣ್ಣಿಗೆ ಆ ದಶಕದ ಅತ್ಯಂತ ಸುಂದರ ಎಂಜಿನಿಯರಿಂಗ್ ಕೆಲಸಗಳಲ್ಲಿ ಒಂದು.

ಐಬಿಎಂ ಪಿಸಿ ಹಿಡಿದದ್ದು ಬೇರೆ ದಾರಿ. ಅಲ್ಲಿ ಡಿಸ್ಕ್ ಓದುವುದು ಎನ್‌ಇಸಿ 765 ಜಾತಿಯ ಕಂಟ್ರೋಲರ್ ಚಿಪ್‌ನ ಕೆಲಸ, ಪಿಸಿಯಲ್ಲಿ ಅದು ಬಳಸುವುದು ಎಂಎಫ್‌ಎಂ ಎಂಬ ಬರವಣಿಗೆ. ನಿಯಮಗಳು ಸಿಲಿಕಾನ್‌ನಲ್ಲೇ ಅಚ್ಚಾಗಿವೆ, ಸಾಫ್ಟ್‌ವೇರ್ ಬದಲಿಸಿ ಬೇರೆ ಭಾಷೆ ಕಲಿಸಲು ಬರುವುದಿಲ್ಲ. ಡಿಸ್ಕ್ 2ರ ಗುರುತುಗಳು ಅದರ ಮುಂದೆ ಎಷ್ಟು ಸಲ ಹಾದುಹೋದರೂ ಅದಕ್ಕೆ ಸೆಕ್ಟರ್ ಕಾಣಿಸುವುದಿಲ್ಲ. ಕಮೊಡೋರ್ 1541 ಡ್ರೈವ್ ಇನ್ನೂ ವಿಚಿತ್ರ: ಹೊರಸುತ್ತು ಉದ್ದ, ಒಳಸುತ್ತು ಗಿಡ್ಡ ಎಂಬುದನ್ನು ಬಳಸಿಕೊಂಡು ಹೊರಗಿನ ಟ್ರ್ಯಾಕ್‌ಗಳಲ್ಲಿ (ಒಂದೊಂದು ಸುತ್ತೂ ಒಂದು ಟ್ರ್ಯಾಕ್) 21 ಸೆಕ್ಟರ್, ಒಳಕ್ಕೆ ಹೋದಂತೆ 19, 18, ಕೊನೆಗೆ 17. ಮ್ಯಾಕಿಂಟಾಷ್‌ನ 400 ಮತ್ತು 800 ಕೆಬಿ ಡ್ರೈವ್‌ಗಳಲ್ಲಿ ಮೋಟಾರಿನ ವೇಗವೇ ಬದಲಾಗುತ್ತದೆ. ಹೆಡ್ ಒಳಗೆ ಹೊರಗೆ ಸರಿದಂತೆ ನಿಮಿಷಕ್ಕೆ ಸುಮಾರು 390ರಿಂದ 590 ಸುತ್ತಿನವರೆಗೆ, ಐದು ಮೆಟ್ಟಿಲುಗಳಲ್ಲಿ. ಆಪಲ್ 2ರ ಮೂರೂವರೆ ಇಂಚಿನ 800 ಕೆಬಿ ಡಿಸ್ಕಿನದೂ ಇದೇ ಪದ್ಧತಿ. ಅಮಿಗಾ ಕಂಪ್ಯೂಟರ್ ಸೆಕ್ಟರುಗಳ ನಡುವೆ ಖಾಲಿ ಜಾಗವನ್ನೇ ಬಿಡದೆ ಇಡೀ ಟ್ರ್ಯಾಕನ್ನು ಒಂದೇ ಉಸಿರಿಗೆ ಬರೆದು 880 ಕೆಬಿ ತುಂಬಿಸಿತು. 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ ಆರಂಭಿಸಿದ 'ಕ್ಲಾಸ್' ಯೋಜನೆಯಲ್ಲಿ ಬಂದದ್ದು ಬಿಬಿಸಿ ಮೈಕ್ರೋ. ಅದರ ಮೂಲ ಡಿಸ್ಕ್ ವ್ಯವಸ್ಥೆ ಎಂಎಫ್‌ಎಂಗಿಂತ ಹಳೆಯದಾದ ಎಫ್‌ಎಂ ಬಳಸುತ್ತದೆ, ಪಿಸಿಯ ಬಹಳಷ್ಟು ಕಂಟ್ರೋಲರುಗಳಿಗೆ ಅದೂ ಬರುವುದಿಲ್ಲ.

ಇನ್ನು ಡಿಸ್ಕ್ ಇಮೇಜ್. ಅದು ಡಿಸ್ಕಿನ ಫೋಟೊ ಅಲ್ಲ. ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇರುವ ಬೈಟ್‌ಗಳನ್ನು ಸಾಲಾಗಿ ಒಂದೇ ಫೈಲಿಗೆ ಇಳಿಸಿದ ಪ್ರತಿ. ಫೈಲುಗಳನ್ನು ಬಿಡಿಬಿಡಿಯಾಗಿ ಎತ್ತಿಕೊಳ್ಳುವುದಕ್ಕೂ ಇದಕ್ಕೂ ವ್ಯತ್ಯಾಸ ದೊಡ್ಡದು. ಅಳಿಸಿದ ಫೈಲುಗಳ ಉಳಿಕೆ, ಬೂಟ್ ಸೆಕ್ಟರ್, ಡೈರೆಕ್ಟರಿಯ ರಚನೆ ಎಲ್ಲವೂ ಇದರಲ್ಲಿ ಬರುತ್ತವೆ. ಆಪಲ್ 2ರ ಡಾಸ್ 3.3 ಎಂಬ ಆಪರೇಟಿಂಗ್ ಸಿಸ್ಟಂನ ಡಿಸ್ಕಿನಲ್ಲಿ 35 ಟ್ರ್ಯಾಕ್, ತಲಾ 16 ಸೆಕ್ಟರ್, ತಲಾ 256 ಬೈಟ್, ಒಟ್ಟು 1,43,360 ಬೈಟ್. ಕಮೊಡೋರ್ 1541ರದು 1,74,848. ಅಮಿಗಾದ್ದು 9,01,120. ಪಿಸಿಯ ಪ್ರಸಿದ್ಧ '1.44 ಎಂಬಿ' ಫ್ಲಾಪಿಯದು 14,74,560 ಬೈಟ್. ಅಭ್ಯಾಸವಿರುವವರು ಫೈಲಿನ ಗಾತ್ರ ನೋಡಿಯೇ ಯಾವ ಯಂತ್ರದ ಡಿಸ್ಕ್ ಎಂದು ಹೇಳುತ್ತಾರೆ.

ಗಾತ್ರ ಸರಿ ಇದ್ದ ಮಾತ್ರಕ್ಕೆ ಇಮೇಜ್ ಸರಿ ಇದೆ ಎನ್ನುವ ಹಾಗಿಲ್ಲ. ಆಪಲ್ 2 ಒಂದು ಸೆಕ್ಟರ್ ಓದಿ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕದ ಸೆಕ್ಟರ್ ಹೆಡ್‌ನ ಕೆಳಗಿಂದ ಹೊರಟುಹೋಗಿರುತ್ತದೆ. ಮತ್ತೆ ಅದು ಸಿಗಬೇಕಾದರೆ ಪೂರ್ತಿ ಸುತ್ತು ಕಾಯಬೇಕು. ಅದಕ್ಕಾಗಿ ಸೆಕ್ಟರುಗಳನ್ನು ವರಸೆಯಾಗಿ ಇಡದೆ ಬಿಟ್ಟು ಬಿಟ್ಟು ಎಣಿಸುತ್ತಿದ್ದರು. ಡಾಸ್ 3.3 ಎಣಿಸಿದ ಕ್ರಮ ಒಂದು, ಆಮೇಲೆ ಬಂದ ಪ್ರೊಡಾಸ್ ಎಣಿಸಿದ ಕ್ರಮ ಇನ್ನೊಂದು. ಎರಡರ ಇಮೇಜ್ ಫೈಲೂ 1,43,360 ಬೈಟ್, ಒಳಗೆ ಯಾವ ಕ್ರಮ ಎಂದು ತಿಳಿಸುವ ಗುರುತು ಎಲ್ಲೂ ಇಲ್ಲ. ಪ್ರತಿ ಟ್ರ್ಯಾಕಿನ ಮೊದಲ ಮತ್ತು ಕೊನೆಯ ಸೆಕ್ಟರ್ ಮಾತ್ರ ಎರಡು ಕ್ರಮದಲ್ಲೂ ಒಂದೇ ಕಡೆ ಬೀಳುತ್ತವೆ, ನಡುವಿನ ಹದಿನಾಲ್ಕು ತಲೆಕೆಳಗಾಗುತ್ತವೆ. ಹಾಗಾಗಿ ತಪ್ಪು ಕ್ರಮದಲ್ಲಿರುವ ಇಮೇಜ್ ಮೊದಲ ಸೆಕ್ಟರ್ ಸರಿಯಾಗಿ ಓದಿಸಿಕೊಂಡು, ಯಂತ್ರ ಶುರುವಾಗುವ ಹಾಗೆ ಮಾಡಿ, ಆಮೇಲೆ ನಿಂತುಬಿಡಬಹುದು. ಡಿಸ್ಕೇ ಹಾಳಾಗಿದೆ ಎಂದು ಬಿಸಾಡುವ ಮೊದಲು ಇದೊಂದನ್ನು ಪರೀಕ್ಷಿಸಲೇಬೇಕು.

ಹಳೆಯ ಯಂತ್ರದಿಂದ ಹೊಸದಕ್ಕೆ ಇಮೇಜ್ ದಾಟಿಸುವ ಮೊದಲ ದಾರಿ ನೇರವಾದದ್ದು. ಆ ಡಿಸ್ಕನ್ನು ಓದಬಲ್ಲ ಯಂತ್ರವೇ ಓದಲಿ, ಓದಿದ್ದನ್ನು ತಂತಿಯ ಮೇಲೆ ಹೇಳಲಿ, ಪಿಸಿ ಬರೆದುಕೊಳ್ಳಲಿ. ತಂತಿ ಎಂದರೆ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್. ಒಂದು ತುದಿಯಲ್ಲಿ ಕಳಿಸುವ ಪಿನ್ ಇನ್ನೊಂದು ತುದಿಯ ಕೇಳುವ ಪಿನ್‌ಗೆ ಸೇರುವಂತೆ ತಿರುವು ಹಾಕಿದ ನಲ್ ಮೋಡೆಮ್ ಕೇಬಲ್ ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲದ್ದರಿಂದ ನಡುವೆ ಯುಎಸ್‌ಬಿ ಪರಿವರ್ತಕ. ಒಂದು ಬೈಟ್ ಕಳಿಸಲು ಆರಂಭದ ಮತ್ತು ಕೊನೆಯ ಬಿಟ್ ಸೇರಿ 10 ಬಿಟ್ ಬೇಕಾಗುವುದರಿಂದ ಆಪಲ್ 2ರ ಒಂದು ಡಿಸ್ಕ್ ಎಂದರೆ 14,33,600 ಬಿಟ್. ಸೆಕೆಂಡಿಗೆ 300 ಬಿಟ್‌ನ ಹಳೆಯ ಮೋಡೆಮ್ ವೇಗದಲ್ಲಿ ಇದಕ್ಕೆ 80 ನಿಮಿಷ, 9,600ರಲ್ಲಿ ಎರಡೂವರೆ ನಿಮಿಷ, 1,15,200ರಲ್ಲಿ 13 ಸೆಕೆಂಡಿಗಿಂತ ಕಡಿಮೆ. ಡಿಸ್ಕ್ ಓದುವ ಹೊತ್ತು ಬೇರೆ ಸೇರಿಸಿಕೊಳ್ಳಬೇಕು. 48 ಅಥವಾ 64 ಕೆಬಿ ಮೆಮೊರಿಯಲ್ಲಿ 140 ಕೆಬಿ ಡಿಸ್ಕ್ ಒಟ್ಟಿಗೆ ಹಿಡಿಸುವುದಿಲ್ಲ, ಹಾಗಾಗಿ ಯಂತ್ರ ಒಂದಷ್ಟು ಟ್ರ್ಯಾಕ್ ಓದುತ್ತದೆ, ಕಳಿಸುತ್ತದೆ, ಮತ್ತೆ ಓದುತ್ತದೆ.

ತಂತಿಯಲ್ಲಿ ಒಂದು ಬಿಟ್ ತಪ್ಪಿದರೂ ಇಮೇಜ್ ಕೆಡುತ್ತದೆ. ಅದಕ್ಕೆ ಪರಿಹಾರ ಕಂಡುಕೊಂಡವರಲ್ಲಿ ಮೊದಲಿಗರು ಷಿಕಾಗೋದ ವಾರ್ಡ್ ಕ್ರಿಸ್ಟೆನ್‌ಸನ್. 1977ರಲ್ಲಿ ಅವರು ಬರೆದ ಎಕ್ಸ್‌ಮೋಡೆಮ್ ಪದ್ಧತಿಯಲ್ಲಿ ಫೈಲನ್ನು 128 ಬೈಟ್‌ಗಳ ಕಂತುಗಳಾಗಿ ಒಡೆದು, ಪ್ರತಿ ಕಂತಿಗೂ ಕ್ರಮಸಂಖ್ಯೆ ಮತ್ತು ಮೊತ್ತ ಸೇರಿಸಿ ಕಳಿಸುತ್ತಾರೆ. ಕೇಳುವವರು ಮೊತ್ತ ತಾಳೆಯಾದರೆ 'ಸರಿ' ಎನ್ನುತ್ತಾರೆ, ಇಲ್ಲದಿದ್ದರೆ 'ಮತ್ತೊಮ್ಮೆ'. ಆಗಿನ ಸಿಪಿ/ಎಂ ಆಪರೇಟಿಂಗ್ ಸಿಸ್ಟಂನ ಯಂತ್ರಗಳ ಸೆಕ್ಟರ್ ಗಾತ್ರವೂ 128 ಬೈಟೇ. 1981ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕರ್ಮಿಟ್ ಎಂಬ ಇಂಥದೇ ಪದ್ಧತಿಗೆ ಕಾರಣ ಇನ್ನೂ ಸರಳ: ದೊಡ್ಡ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳಿಗೆ ಕೊಡಲು ಜಾಗ ಸಾಲದೆ, ಅವರು ತಮ್ಮ ಫೈಲುಗಳನ್ನು ಫ್ಲಾಪಿಗೆ ಇಳಿಸಿಕೊಂಡು ಹೋಗುವಂತಾಗಬೇಕಿತ್ತು. ಎಂಟನೆಯ ಬಿಟ್ ದಾಟಿಸದ ಹಳೆಯ ಫೋನ್ ಮಾರ್ಗದಲ್ಲೂ ಕರ್ಮಿಟ್ ದಾಟಿಕೊಳ್ಳುತ್ತಿತ್ತು. ಒಂದು ಕಾಲಕ್ಕೆ ಯಾವ ಯಂತ್ರದಿಂದ ಯಾವ ಯಂತ್ರಕ್ಕಾದರೂ ಫೈಲು ಹೋಗಬಹುದು ಎಂಬ ಭರವಸೆ ಕೊಟ್ಟದ್ದು ಇಂಥ ಸಣ್ಣ, ಉಚಿತ ಪ್ರೋಗ್ರಾಮುಗಳು.

ಈ ದಾರಿಯಲ್ಲಿ ಒಂದು ತೊಡಕಿದೆ. ಆಪಲ್‌ನಲ್ಲಿ ಕಳಿಸುವ ಪ್ರೋಗ್ರಾಮ್ ಇರಬೇಕು, ಆ ಪ್ರೋಗ್ರಾಮ್ ಡಿಸ್ಕಿನಲ್ಲಿ ಬರಬೇಕು, ಆ ಡಿಸ್ಕ್ ಮಾಡಲು ಕಳಿಸುವ ಪ್ರೋಗ್ರಾಮ್ ಬೇಕು. ಎಡಿಟಿಪ್ರೊ ಎಂಬ ಉಚಿತ ತಂತ್ರಾಂಶ ಇದನ್ನು ಬಿಡಿಸಿದ ರೀತಿ ನನಗೆ ಬಹಳ ಮೆಚ್ಚುಗೆ. ಆಪಲ್ 2ರ ರೋಮ್ (ROM) ಚಿಪ್‌ನಲ್ಲೇ, ಅಂದರೆ ವಿದ್ಯುತ್ ಕೊಟ್ಟ ಕೂಡಲೇ ಸಿಗುವಂತೆ, ಬೇಸಿಕ್ ಭಾಷೆಯೂ ಮಾನಿಟರ್ ಎಂಬ ಸಣ್ಣ ಪ್ರೋಗ್ರಾಮೂ ಇವೆ. ಒಂದು ಆದೇಶ ಕೊಟ್ಟರೆ ಆಪಲ್ ಕೀಬೋರ್ಡಿನ ಬದಲು ಸೀರಿಯಲ್ ಕಾರ್ಡಿನಿಂದ ಬರುವ ಅಕ್ಷರಗಳನ್ನೇ ಯಾರೋ ಟೈಪ್ ಮಾಡುತ್ತಿದ್ದಾರೆ ಎಂದು ಸ್ವೀಕರಿಸುತ್ತದೆ. ಆಗ ಪಿಸಿ ಟೈಪಿಸ್ಟ್ ಆಗುತ್ತದೆ. ಅಂಕಿಗಳ ಸಾಲುಗಳನ್ನು ಆಪಲ್‌ಗೆ ಟೈಪ್ ಮಾಡುತ್ತದೆ, ಅವು ಮೆಮೊರಿಯಲ್ಲಿ ಕೂತು ಒಂದು ಚಿಕ್ಕ ಪ್ರೋಗ್ರಾಮ್ ಆಗುತ್ತವೆ, ಆ ಚಿಕ್ಕದು ಇನ್ನೂ ದೊಡ್ಡದನ್ನು ಕರೆಸಿಕೊಳ್ಳುತ್ತದೆ, ಕೊನೆಗೆ ಆಪರೇಟಿಂಗ್ ಸಿಸ್ಟಂ ಬಂದು, ಖಾಲಿ ಫ್ಲಾಪಿಯ ಮೇಲೆ ಬೂಟ್ ಡಿಸ್ಕ್ ತಯಾರಾಗುತ್ತದೆ. ಸೀರಿಯಲ್ ಕಾರ್ಡ್ ಇಲ್ಲವೇ? ಹಳೆಯ ಆಪಲ್ 2ರಲ್ಲಿ ಕ್ಯಾಸೆಟ್ ರೆಕಾರ್ಡರ್ ಜೋಡಿಸುವ ತೂತು ಇದೆ. ಪಿಸಿಯ ಹೆಡ್‌ಫೋನ್ ತೂತಿನಿಂದ ಅಲ್ಲಿಗೊಂದು ಆಡಿಯೋ ತಂತಿ ಎಳೆದರೆ ಸಾಕು. ಮೊದಲು 770 ಹರ್ಟ್ಸ್‌ನ ಒಂದು ಉದ್ದನೆಯ ಸ್ವರ, ಆಮೇಲೆ 1 ಎಂಬುದಕ್ಕೆ 1,000 ಹರ್ಟ್ಸ್‌ನ ಒಂದು ಅಲೆ, 0 ಎಂಬುದಕ್ಕೆ 2,000 ಹರ್ಟ್ಸ್‌ನ ಒಂದು ಅಲೆ. ಪ್ರೋಗ್ರಾಮ್ ಸದ್ದಾಗಿ ಯಂತ್ರದೊಳಗೆ ಹೋಗುತ್ತದೆ.

ಇಷ್ಟಾದರೂ ಈ ದಾರಿಗೆ ಮಿತಿ ಇದೆ. ಯಂತ್ರ ಕಳಿಸುವುದು ತನಗೆ ಅರ್ಥವಾದದ್ದನ್ನು ಮಾತ್ರ. ಸೆಕ್ಟರ್ ಎಂದು ಗುರುತಿಸಲಾಗದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಆದರೆ ಎಂಬತ್ತರ ದಶಕದ ಆಟಗಳ ಡಿಸ್ಕುಗಳಲ್ಲಿ ಹಾಗೆ ಗುರುತಿಸಲಾಗದಂತೆ ಬರೆಯುವುದೇ ಉದ್ದೇಶವಾಗಿತ್ತು, ನಕಲು ತಡೆಯಲು. ಡಿ5, ಎಎ, 96 ಎಂಬ ಗುರುತನ್ನೇ ಬದಲಿಸುವುದು, ಎರಡು ಟ್ರ್ಯಾಕುಗಳ ನಡುವಿನ ಅರ್ಧ ಜಾಗದಲ್ಲಿ ಬರೆಯುವುದು, ಪ್ರತಿ ಸಲ ಓದಿದಾಗಲೂ ಬೇರೆ ಬೇರೆ ಉತ್ತರ ಕೊಡುವ ದುರ್ಬಲ ಬಿಟ್‌ಗಳನ್ನು ಬೇಕೆಂದೇ ಇಡುವುದು. 'ಪ್ರಿನ್ಸ್ ಆಫ್ ಪರ್ಷಿಯಾ' ಅಂಗಡಿಗೆ ಬಂದ ಐದೂಕಾಲು ಇಂಚಿನ ಡಿಸ್ಕಿನಲ್ಲೇ ರೋಲಂಡ್ ಗುಸ್ಟಾಫ್‌ಸನ್ ರೂಪಿಸಿದ ಪದ್ಧತಿಯೊಂದಿದೆ. 16 ಸೆಕ್ಟರಿನ ಜಾಗದಲ್ಲಿ 18 ಸೆಕ್ಟರಿನಷ್ಟು ದತ್ತಾಂಶವನ್ನು ಅದು ತುಂಬಿಸುತ್ತದೆ. 1,43,360 ಬೈಟ್‌ನ ಚೌಕಟ್ಟಿಗೆ ಆ ಡಿಸ್ಕ್ ಹಿಡಿಸುವುದೇ ಇಲ್ಲ.

ಇಲ್ಲಿಂದ ಎರಡನೆಯ ದಾರಿ, ನಾನು ಮೊದಲನೆಯದಾಗಿ ಶಿಫಾರಸು ಮಾಡುವ ದಾರಿ, ತೆರೆದುಕೊಳ್ಳುತ್ತದೆ. ಕಂಟ್ರೋಲರ್ ಚಿಪ್ಪನ್ನು ಪಕ್ಕಕ್ಕಿಟ್ಟು, ಡ್ರೈವ್‌ನ ಹೆಡ್ ಕೊಡುವ ಮಿಡಿತಗಳನ್ನೇ ನೇರವಾಗಿ ದಾಖಲಿಸಿಕೊಳ್ಳುವುದು. ಕ್ರಿಯೋಫ್ಲಕ್ಸ್, ಸೂಪರ್‌ಕಾರ್ಡ್ ಪ್ರೊ, ಯಾರು ಬೇಕಾದರೂ ತಯಾರಿಸಬಹುದಾದ ಗ್ರೀಸ್‌ವೀಜಲ್, ಆಪಲ್ ಡ್ರೈವ್‌ಗಳಿಗೆಂದೇ ಮಾಡಿದ ಆಪಲ್‌ಸಾಸ್ ಇವೆಲ್ಲ ಇದೇ ಕೆಲಸದ ಚಿಕ್ಕ ಸರ್ಕ್ಯೂಟ್ ಬೋರ್ಡುಗಳು. ಒಂದು ಕಡೆ ಫ್ಲಾಪಿ ಡ್ರೈವ್, ಇನ್ನೊಂದು ಕಡೆ ಯುಎಸ್‌ಬಿ. ಸೂಪರ್‌ಕಾರ್ಡ್ ಪ್ರೊ ಪ್ರತಿ ಅಂತರವನ್ನೂ 25 ನ್ಯಾನೋಸೆಕೆಂಡ್‌ಗಳ ಅಳತೆಗೋಲಿನಲ್ಲಿ ಅಳೆಯುತ್ತದೆ, ಅಂದರೆ ಆಪಲ್‌ನ ಒಂದು ಬಿಟ್‌ನ ಜಾಗದಲ್ಲಿ 160 ಗೆರೆ. ಪ್ರತಿ ಟ್ರ್ಯಾಕನ್ನೂ ಹಲವು ಸುತ್ತು ದಾಖಲಿಸುವುದರಿಂದ ದುರ್ಬಲ ಬಿಟ್‌ಗಳೂ ಸಿಕ್ಕಿಬೀಳುತ್ತವೆ, ಒಂದು ಸುತ್ತಿನಲ್ಲಿ ಧೂಳು ಕೆಡಿಸಿದ್ದು ಇನ್ನೊಂದರಲ್ಲಿ ಸರಿಯಾಗಿ ಸಿಗುತ್ತದೆ. 140 ಕೆಬಿ ಡಿಸ್ಕಿನ ಫ್ಲಕ್ಸ್ ಫೈಲು ಕೆಲವು ಎಂಬಿ ಆಗುತ್ತದೆ. ಇವತ್ತಿನ ಜಾಗದ ಲೆಕ್ಕದಲ್ಲಿ ಅದು ಏನೂ ಅಲ್ಲ.

ಶಾಸನತಜ್ಞರು ಕಲ್ಲಿನ ಮುಂದೆ ಮಾಡುವುದು ಇದನ್ನೇ. ಒದ್ದೆ ಕಾಗದ ಹೊದಿಸಿ, ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರೆ. ಅಕ್ಷರದ ಜೊತೆ ಬಿರುಕೂ ಸುತ್ತಿಗೆಯ ಗಾಯವೂ ಬರುತ್ತವೆ. ಓದುವುದು ಆಮೇಲೆ, ಕಚೇರಿಯಲ್ಲಿ ಕೂತು, ಬೇಕಾದರೆ ಮುಂದಿನ ತಲೆಮಾರಿನವರು. ಫ್ಲಕ್ಸ್ ದಾಖಲೆಯೂ ಹಾಗೆಯೇ. ಈ ಡಿಸ್ಕ್ ಯಾವ ಯಂತ್ರದ್ದು, ಯಾವ ಬರವಣಿಗೆ ಎಂದು ಮೊದಲೇ ಗೊತ್ತಿರಬೇಕಾಗಿಲ್ಲ. ಸ್ಥಿರ ವೇಗದಲ್ಲಿ ತಿರುಗುವ ಸಾಮಾನ್ಯ ಪಿಸಿ ಡ್ರೈವ್‌ನಲ್ಲಿ ಮ್ಯಾಕಿಂಟಾಷ್‌ನ ಬದಲಾಗುವ ವೇಗದ 800 ಕೆಬಿ ಡಿಸ್ಕನ್ನು ಹಾಕಿದರೂ ಮಿಡಿತಗಳು ಬರುತ್ತವೆ. ಟ್ರ್ಯಾಕಿನಿಂದ ಟ್ರ್ಯಾಕಿಗೆ ಅಂತರಗಳು ಹಿಗ್ಗಿ ಕುಗ್ಗಿರುತ್ತವೆ ಅಷ್ಟೇ, ಅದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಸರಿಪಡಿಸುತ್ತದೆ. ವಿಶೇಷ ಮೋಟಾರು ಮಾಡಬೇಕಿದ್ದ ಕೆಲಸವನ್ನು ಗಣಿತ ಮಾಡಿಕೊಡುತ್ತದೆ. ಒಮ್ಮೆ ಫ್ಲಕ್ಸ್ ಕೈಗೆ ಬಂದರೆ ಅದರಿಂದ ಬಿಟ್, ಬಿಟ್‌ನಿಂದ ಸೆಕ್ಟರ್, ಸೆಕ್ಟರಿನಿಂದ ಫೈಲು ಯಾವಾಗ ಬೇಕಾದರೂ ತೆಗೆಯಬಹುದು. ಫೈಲಿನಿಂದ ಹಿಂದಕ್ಕೆ ಫ್ಲಕ್ಸ್‌ಗೆ ಹೋಗುವ ದಾರಿ ಇಲ್ಲ. ಹಾಗಾಗಿ ಅತಿ ಕೆಳಗಿನ ಪದರವನ್ನು ಮೊದಲು ಎತ್ತಿಕೊಳ್ಳಬೇಕು, ಅರ್ಥದ ಚಿಂತೆ ನಂತರದ್ದು.

ಮೊದಲು ಎನ್ನಲು ಇನ್ನೊಂದು ಕಾರಣವಿದೆ. ಆ ಡಿಸ್ಕ್ ಇನ್ನು ಎಷ್ಟು ಸಲ ಓದಿಸಿಕೊಳ್ಳುತ್ತದೆ ಎಂಬ ಖಾತರಿ ಇಲ್ಲ. ಆಕ್ಸೈಡನ್ನು ಪ್ಲಾಸ್ಟಿಕ್ಕಿಗೆ ಹಿಡಿದಿಟ್ಟ ಅಂಟು ತೇವಕ್ಕೆ ಮೆತ್ತಗಾಗುತ್ತದೆ, ನಮ್ಮ ಮಲೆನಾಡು-ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅಂಥ ಡಿಸ್ಕ್ ತಿರುಗಿದರೆ ಲೇಪ ಎದ್ದುಬಂದು ಹೆಡ್‌ಗೆ ಅಂಟುತ್ತದೆ, ಅದೇ ಕೊಳೆ ಮುಂದಿನ ಡಿಸ್ಕಿನ ಮೇಲೆ ಗೀರು ಎಳೆಯುತ್ತದೆ. ಡಿಸ್ಕಿನ ಕವಚದ ಕಿಟಕಿಯಲ್ಲಿ ಕಾಣುವ ಮೇಲ್ಮೈಯನ್ನು ಬೆಳಕಿಗೆ ಹಿಡಿದು ನೋಡಿ, ಮಬ್ಬು ಚುಕ್ಕೆ ಕಂಡರೆ ಡ್ರೈವ್‌ಗೆ ಹಾಕಬಾರದು. ಪ್ರತಿ ಅನುಮಾನದ ಡಿಸ್ಕಿನ ನಂತರ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಬರೆಯದಂತೆ ತಡೆಯುವ ಕ್ರಮವನ್ನು ಮರೆಯಬಾರದು: ಐದೂಕಾಲು ಇಂಚಿನದರ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಬೇಕು, ಮೂರೂವರೆ ಇಂಚಿನದರ ಕಿಂಡಿಯನ್ನು ತೆರೆದಿಡಬೇಕು. ಎಂಟು ಇಂಚಿನದರಲ್ಲಿ ಕಚ್ಚು ತೆರೆದಿದ್ದರೆ ಬರೆಯಲಾಗದು, ಐದೂಕಾಲಿಗೆ ನೇರ ವಿರುದ್ಧ. ಆಪಲ್ ಮತ್ತು ಕಮೊಡೋರ್ ಬಳಸಿದವರು ಡಿಸ್ಕನ್ನು ಮಗುಚಿ ಹಾಕಿ ಹಿಂಬದಿಯಲ್ಲೂ ಬರೆಯುತ್ತಿದ್ದರು. ಸುತ್ತಿನ ಆರಂಭ ತೋರಿಸುವ ರಂಧ್ರ ಆಗ ಎದುರು ಬದಿಗೆ ಹೋಗುತ್ತದೆ. ಆ ರಂಧ್ರ ಕಾಣದೆ ಪಿಸಿ ಡ್ರೈವ್ ಆ ಬದಿಯನ್ನು ಓದಲು ಒಪ್ಪುವುದಿಲ್ಲ, ಡ್ರೈವ್‌ಗೆ ಮಾರ್ಪಾಡು ಬೇಕಾಗುತ್ತದೆ.

ಹಿಮ್ಮುಖ ಪ್ರಯಾಣ, ಅಂದರೆ ಇಮೇಜನ್ನು ಮತ್ತೆ ಹಳೆಯ ಯಂತ್ರದ ಡಿಸ್ಕಿಗೆ ಬರೆಯುವುದು, ಕೆಲವು ಸಲ ಹೆಚ್ಚು ಕಷ್ಟ. 360 ಕೆಬಿ ಡ್ರೈವ್‌ನಲ್ಲಿ ಇಂಚಿಗೆ 48 ಟ್ರ್ಯಾಕ್, 1.2 ಎಂಬಿ ಡ್ರೈವ್‌ನಲ್ಲಿ 96. ಎರಡನೆಯದರ ಹೆಡ್ ಸಪೂರ. ಅಗಲವಾದ ಹಳೆಯ ಟ್ರ್ಯಾಕಿನ ಮೇಲೆ ಅದು ಬರೆದರೆ ಎರಡು ಅಂಚಿನಲ್ಲೂ ಹಳೆಯ ಬರಹ ಉಳಿಯುತ್ತದೆ. 1.2 ಎಂಬಿ ಡ್ರೈವ್ ತಾನು ಬರೆದದ್ದನ್ನು ಚೆನ್ನಾಗಿಯೇ ಓದುತ್ತದೆ, ಹಳೆಯ ಯಂತ್ರದ ಅಗಲ ಹೆಡ್‌ಗೆ ಮಾತ್ರ ಹೊಸದೂ ಹಳೆಯದೂ ಕಲಸಿ ಕೇಳಿಸುತ್ತದೆ. ಕಾಂತದಿಂದ ಪೂರ್ತಿ ಅಳಿಸಿದ ಡಿಸ್ಕನ್ನೇ ಬಳಸಬೇಕೆನ್ನುವುದು ಅದಕ್ಕಾಗಿ. ಲೇಪದ ಗುಣವೂ ಬೇರೆ: ಐದೂಕಾಲು ಇಂಚಿನ ಸಾಮಾನ್ಯ ಡಿಸ್ಕಿನ ಕಾಂತೀಯ ದಿಕ್ಕು ಬದಲಿಸಲು ಸುಮಾರು 300 ಅರ್ಸ್ಟೆಡ್ ಬಲ ಸಾಕು, 1.2 ಎಂಬಿಯದಕ್ಕೆ ಅದರ ಎರಡರಷ್ಟು ಬೇಕು. ಆಪಲ್ 2ರ ಡ್ರೈವ್ ಅಷ್ಟು ಬಲವಾಗಿ ಬರೆಯಲಾರದು. ಮೂರೂವರೆ ಇಂಚಿನ ಫ್ಲಾಪಿಯ ಮಾರಾಟವನ್ನು ಸೋನಿ ಕಂಪನಿಯೂ 2011ರಲ್ಲಿ ನಿಲ್ಲಿಸಿತು, ಹಾಗಾಗಿ ಒಳ್ಳೆಯ ಖಾಲಿ ಡಿಸ್ಕ್ ದಿನೇ ದಿನೇ ಅಪರೂಪ. ದಿನಬಳಕೆಗೆ ಗೋಟೆಕ್‌ನಂಥ ಪೆಟ್ಟಿಗೆ ಬಂದಿದೆ. ಫ್ಲಾಪಿ ಡ್ರೈವ್‌ನ ಜಾಗದಲ್ಲಿ ಅದನ್ನು ಕೂರಿಸಿ, ಪೆನ್ ಡ್ರೈವ್‌ನಲ್ಲಿ ಇಮೇಜುಗಳನ್ನು ಹಾಕಿದರೆ, ಕೇಳುವ ಯಂತ್ರಕ್ಕೆ ಬೇಕಾದ ಮಿಡಿತಗಳನ್ನು ಅದೇ ಹುಟ್ಟಿಸಿಕೊಡುತ್ತದೆ. ಇದು ಮೂಲತಃ ಆಟದವರಿಗೆಂದು ಮಾಡಿದ್ದಲ್ಲ, ಫ್ಲಾಪಿಯಿಂದ ವಿನ್ಯಾಸ ಓದುವ ಕಸೂತಿ ಯಂತ್ರಗಳಂಥ ಕಾರ್ಖಾನೆ ಯಂತ್ರಗಳಿಗೆ ಮಾಡಿದ್ದು.

ಇಮೇಜ್ ಸರಿಯಾಗಿ ಬಂದ ಮೇಲೂ ಕೆಲಸ ಉಳಿದಿರುತ್ತದೆ ಎಂಬುದಕ್ಕೆ ಚಿತ್ರಕಲಾವಿದ ಆ್ಯಂಡಿ ವಾರ್ಹಾಲ್ ಅವರ ಫ್ಲಾಪಿಗಳು ಸಾಕ್ಷಿ. 1985ರಲ್ಲಿ ಅಮಿಗಾ ಬಿಡುಗಡೆಯ ವೇದಿಕೆಯ ಮೇಲೆ ವಾರ್ಹಾಲ್ ಆ ಕಂಪ್ಯೂಟರಿನಲ್ಲಿ ಗಾಯಕಿ ಡೆಬಿ ಹ್ಯಾರಿಯ ಚಿತ್ರ ಮಾಡಿ ತೋರಿಸಿದ್ದರು. ಆ ಕಾಲದ ಅವರ ಡಿಸ್ಕುಗಳು ಪಿಟ್ಸ್‌ಬರ್ಗ್‌ನ ವಾರ್ಹಾಲ್ ಮ್ಯೂಸಿಯಂನಲ್ಲಿದ್ದವು. ಕಲಾವಿದ ಕೋರಿ ಆರ್ಕೇಂಜಲ್ ಪಟ್ಟು ಹಿಡಿದದ್ದರಿಂದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್‌ನವರು ಕ್ರಿಯೋಫ್ಲಕ್ಸ್ ಬಳಸಿ ಅವುಗಳ ಫ್ಲಕ್ಸ್ ದಾಖಲಿಸಿದರು. ಹೊರಗಿನ ಲೇಬಲ್ ನೋಡಿದರೆ ಹೆಚ್ಚಿನವು ಮಾಮೂಲಿ ಸಾಫ್ಟ್‌ವೇರ್ ಡಿಸ್ಕುಗಳು, ಒಳಗೆ ನೋಡಿದರೆ ಮ್ಯಾರಿಲಿನ್, ಕ್ಯಾಂಬೆಲ್ಸ್ ಎಂಬಂಥ ಹೆಸರಿನ ಫೈಲುಗಳು. ಅವು ತೆರೆಯಲಿಲ್ಲ. ಮಾರುಕಟ್ಟೆಗೆ ಬರುವ ಮುನ್ನಿನ ಸಾಫ್ಟ್‌ವೇರ್ ಬರೆದ ಆ ಫೈಲುಗಳ ರಚನೆ ಮುಂದಿನ ಯಾವ ಪ್ರೋಗ್ರಾಮಿಗೂ ಗೊತ್ತಿರಲಿಲ್ಲ. ಕ್ಲಬ್‌ನವರು ಬೈಟ್ ಬೈಟ್ ಪರಿಶೀಲಿಸಿ ರಚನೆಯನ್ನು ಊಹಿಸಿ, ಚಿತ್ರಗಳನ್ನು ಹೊರತೆಗೆದು 2014ರಲ್ಲಿ ಪ್ರಕಟಿಸಿದರು.

ಕನ್ನಡದ ಫ್ಲಾಪಿಗಳ ಮುಂದೆ ಕೂತವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ತೊಂಬತ್ತರ ದಶಕದ ನಮ್ಮ ಪುಸ್ತಕ, ಪತ್ರಿಕೆ, ಸ್ಮರಣ ಸಂಚಿಕೆಗಳ ಡಿಟಿಪಿ ಪ್ರತಿಗಳು ಪೇಜ್‌ಮೇಕರ್ ಫೈಲುಗಳಾಗಿ 1.44 ಎಂಬಿ ಫ್ಲಾಪಿಗಳಲ್ಲಿ ಕುಳಿತವು. ಇವು ಪಿಸಿಯವೇ ಆದ್ದರಿಂದ ಓದಲು ಆಪಲ್‌ನಷ್ಟು ಕಷ್ಟವಿಲ್ಲ. ಒಂದು ಫ್ಲಾಪಿಗೆ ಹಿಡಿಸದ ಫೈಲನ್ನು ಎಆರ್‌ಜೆ ಅಥವಾ ಜಿಪ್ ಆಗಿ ಕುಗ್ಗಿಸಿ ನಾಲ್ಕೈದು ಫ್ಲಾಪಿಗಳಿಗೆ ಹಂಚುವ ರೂಢಿ ಇತ್ತು. ಅವುಗಳಲ್ಲಿ ಒಂದರ ಒಂದು ಸೆಕ್ಟರ್ ಹೋದರೂ ಉಳಿದ ಪುಟಗಳು ತೆರೆಯದೇ ಇರಬಹುದು. ಅಂಥ ಕಡೆ ಫ್ಲಕ್ಸ್ ಹಂತದಲ್ಲಿ ಮತ್ತೆ ಮತ್ತೆ ಓದಿ ಆ ಒಂದು ಸೆಕ್ಟರನ್ನು ಗೆದ್ದುಕೊಂಡರೆ ಇಡೀ ಪುಸ್ತಕ ಉಳಿಯುತ್ತದೆ.

ಅದೂ ಆಯಿತೆಂದುಕೊಳ್ಳೋಣ. ಫೈಲು ತೆರೆದರೆ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳೂ ಯುರೋಪಿನ ಚಿಹ್ನೆಗಳೂ ಕಲಸಿದ ರಾಶಿ. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದೇ ವರ್ಷ ಭಾರತೀಯ ಲಿಪಿಗಳ ಎಂಟು ಬಿಟ್‌ನ ಇಸ್ಕಿ ಸಂಕೇತಕ್ಕೂ ಮಾನಕದ ಮುದ್ರೆ ಬಿತ್ತು. ಆದರೆ ಮೇಜಿನ ಮೇಲಿನ ಕೆಲಸ ನಡೆದದ್ದು ಶ್ರೀಲಿಪಿ, ಆಕೃತಿ, ಮುಂದೆ ಬರಹ, ನುಡಿ ಇವುಗಳ ಫಾಂಟುಗಳಲ್ಲಿ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದ ಫಾಂಟುಗಳವು: ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ, ದೀರ್ಘದ ಕೊಂಬು ಮತ್ತೊಂದು ಕಡೆ. ಯಾವ ತುಂಡಿಗೆ ಯಾವ ಸಂಖ್ಯೆ ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ತುಂಡುಗಳನ್ನು ಕೂಡಿಸಿ ಯೂನಿಕೋಡ್ ಮಾಡುವ ಪರಿವರ್ತಕಗಳು ಹೆಚ್ಚು ಬಳಕೆಯಲ್ಲಿದ್ದ ಫಾಂಟುಗಳಿಗೆ ಇವೆ, ಊರಿನ ಯಾವುದೋ ಮುದ್ರಣಾಲಯ ತನ್ನ ಅನುಕೂಲಕ್ಕೆ ತಿದ್ದಿಕೊಂಡ ಫಾಂಟಿಗೆ ಇರುವುದಿಲ್ಲ. ಆದ್ದರಿಂದ ಇಂಥ ಪೆಟ್ಟಿಗೆ ಕೈಗೆ ಬಂದಾಗ ಪಠ್ಯದ ಫ್ಲಾಪಿಗಳನ್ನಷ್ಟೇ ಆರಿಸಿಕೊಳ್ಳದೆ, 'ಫಾಂಟ್ಸ್' ಎಂದು ಬರೆದ, ಸಾಮಾನ್ಯವಾಗಿ ಬೇಡವೆಂದು ಬದಿಗಿಡುವ ಫ್ಲಾಪಿಯ ಇಮೇಜನ್ನೇ ಮೊದಲು ತೆಗೆಯಬೇಕು. ಪ್ರತಿ ಲೇಬಲ್‌ನ ಫೋಟೊ ತೆಗೆದು ಇಮೇಜ್ ಫೈಲಿನ ಜೊತೆಯಲ್ಲೇ ಇಡಬೇಕು. ಟೈಪ್ ಮಾಡಿದವರು ಬಾಲ್‌ಪೆನ್ನಿನಲ್ಲಿ ಗೀಚಿದ ಫಾಂಟಿನ ಹೆಸರೇ ಕೆಲವೊಮ್ಮೆ ಆ ಪಠ್ಯ ಬಿಡಿಸಲು ಸಿಗುವ ಒಂದೇ ಸುಳಿವು.